ಮೂರು ಕಾವಲು, ಒಂದು ಕೀಲಿ

ಬೃಹತ್ ಕಾರ್ಖಾನೆಗಳಲ್ಲಿ ಯಂತ್ರವನ್ನು ಓಡಿಸುವ ವ್ಯವಸ್ಥೆ ಒಂದಾದರೆ, ಅಪಾಯದ ಸುಳಿವು ಸಿಕ್ಕೊಡನೆ ಅದನ್ನು ನಿಲ್ಲಿಸುವ ವ್ಯವಸ್ಥೆ ಮತ್ತೊಂದು. ಈ ಎರಡನೆಯದು ವರ್ಷಗಟ್ಟಲೆ ಸುಮ್ಮನೆ ಕಾದಿರುತ್ತದೆ. ಅದರತ್ತ ಯಾರ ಗಮನವೂ ಹರಿಯದಿರಲು ಅದೇ ಕಾರಣ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋರಾಸಾಯನಿಕ ಸ್ಥಾವರವೊಂದಕ್ಕೆ ನುಸುಳಿದ ದುಷ್ಕರ್ಮಿಗಳು ಕೈಯಿಕ್ಕಿದ್ದು ನೇರವಾಗಿ ಇದಕ್ಕೇ.

ಅಲ್ಲಿದ್ದದ್ದು ಷ್ನೈಡರ್ ಎಲೆಕ್ಟ್ರಿಕ್ ಕಂಪನಿಯ ಟ್ರೈಕೋನೆಕ್ಸ್ ಸುರಕ್ಷತಾ ನಿಯಂತ್ರಕ. ಇದರ ಮರ್ಮವಿರುವುದು ಮತದಾನದಲ್ಲಿ. ರಕ್ಷಣೆಗೆ ಒಂದೇ ಘಟಕವಿದ್ದು ಅದು ಕೆಟ್ಟರೆ ಯಂತ್ರ ಅನಾಥ. ಎರಡಿಟ್ಟು, ಯಾವುದೊಂದು ಹೇಳಿದರೂ ನಿಲ್ಲಿಸುವುದೆಂದರೆ ಸುಳ್ಳು ಎಚ್ಚರಿಕೆಗೂ ಉತ್ಪಾದನೆ ಸ್ಥಗಿತ. ಎರಡೂ ಒಪ್ಪಲೇಬೇಕೆಂದರೆ ಒಂದು ಕೆಟ್ಟಾಗ ನಿಜವಾದ ಅಪಾಯವೂ ಕಾಣದು. ಆದ್ದರಿಂದ ಮೂರು ಸಂಸ್ಕಾರಕಗಳು ಪ್ರತ್ಯೇಕವಾಗಿ ಲೆಕ್ಕಹಾಕುತ್ತವೆ. ಎರಡರ ಮಾತೇ ತೀರ್ಪು. ಕೆಟ್ಟ ಒಂದನ್ನು ಯಂತ್ರ ನಿಲ್ಲಿಸದೆಯೇ ಬದಲಿಸಬಹುದು. ಸಾಮಾನ್ಯವಾಗಿ ಕೊನೆಯ ರಿಲೇಯೂ ವಿದ್ಯುತ್ ಇರುವಷ್ಟು ಕಾಲ ಮಾತ್ರ ಯಂತ್ರ ನಡೆಯಲು ಬಿಡುತ್ತದೆ. ತಂತಿ ತುಂಡಾದರೂ ಫಲಿತಾಂಶ ಸುರಕ್ಷಿತ ನಿಲುಗಡೆಯೇ.

ಬಿಡಿಭಾಗ ಕೆಡುವುದಕ್ಕೆ ಇದು ಉತ್ತಮ ಉತ್ತರ. ಆದರೆ ಮೂರಕ್ಕೂ ಏಕಕಾಲಕ್ಕೆ ಒಂದೇ ಸುಳ್ಳನ್ನು ಕಲಿಸಿದರೆ? ಬಹುಮತವೇ ಸುಳ್ಳಿನ ಪರ ನಿಲ್ಲುತ್ತದೆ. 'ಟ್ರೈಟನ್' ಎಂದು ಹೆಸರಾದ ಕುತಂತ್ರಾಂಶದ ಗುರಿ ಇಂಥದ್ದು. ನಿಯಂತ್ರಕಕ್ಕೆ ಹೊಸ ಆದೇಶ ತುಂಬಲು ಅದರ ಮುಖದ ಮೇಲಿರುವ ಕೀಲಿ 'ಪ್ರೋಗ್ರಾಂ' ಸ್ಥಾನದಲ್ಲಿರಬೇಕು. ಕೆಲಸ ಮುಗಿದ ಮೇಲೆ ತಿರುಗಿಸಿಡಬೇಕಾದ ಆ ಕೀಲಿ ಅದೇ ಸ್ಥಾನದಲ್ಲಿ ಉಳಿದಿತ್ತು. ಕೋಟಿಗಟ್ಟಲೆ ಬೆಲೆಯ ರಕ್ಷಣೆಯನ್ನು ತೆರೆದಿಟ್ಟದ್ದು ಇಷ್ಟು ಸಣ್ಣ ಉದಾಸೀನ!

ಸ್ಥಾವರ ಉಳಿದದ್ದು ದಾಳಿಕೋರರ ತಪ್ಪಿನಿಂದ. ಅವರು ಸೇರಿಸಿದ ಆದೇಶವನ್ನು ಸಂಸ್ಕಾರಕಗಳು ಪರಸ್ಪರ ತಾಳೆ ನೋಡಿದಾಗ ಹೊಂದಲಿಲ್ಲ. ವ್ಯವಸ್ಥೆ ತಾನಾಗಿ ಯಂತ್ರಗಳನ್ನು ನಿಲ್ಲಿಸಿತು. ಹೀಗಾದದ್ದು ಎರಡು ಬಾರಿ, ಜೂನ್ ಮತ್ತು ಆಗಸ್ಟ್‌ನಲ್ಲಿ. ಮೊದಲ ಬಾರಿ ಅದನ್ನು ಉಪಕರಣದ ತೊಂದರೆಯೆಂದೇ ಬಗೆದು ಉತ್ಪಾದನೆ ಮುಂದುವರಿಸಲಾಯಿತು. ಕೀಲಿಗಿಂತಲೂ ಕಳವಳ ಹುಟ್ಟಿಸಬೇಕಾದ ಸಂಗತಿ ಇದು. ದೋಷವನ್ನು ನುಂಗಿಕೊಳ್ಳುವಂತೆ ರೂಪಿಸಿದ ಉಪಕರಣವೇ ಕಾರಣವಿಲ್ಲದೆ ಕೈಚೆಲ್ಲಿದಾಗ ಅದನ್ನು ಮಾಮೂಲಿ ದುರಸ್ತಿಯ ಪುಸ್ತಕಕ್ಕೆ ಬರೆದು ಮುಗಿಸುವುದು ಎಲ್ಲ ಕಡೆಯ ರೂಢಿ. ಉತ್ಪಾದನೆ ನಿಂತ ಪ್ರತಿ ಗಂಟೆಗೂ ನಷ್ಟದ ಲೆಕ್ಕವಿರುತ್ತದೆ, ಶಂಕೆಗೆ ಲೆಕ್ಕವಿರುವುದಿಲ್ಲ.

2022ರ ಮಾರ್ಚ್‌ನಲ್ಲಿ ಅಮೆರಿಕ ಈ ಪ್ರಕರಣದಲ್ಲಿ ರಷ್ಯಾದ ರಕ್ಷಣಾ ಸಚಿವಾಲಯಕ್ಕೆ ಸೇರಿದ ಸಂಶೋಧನಾ ಸಂಸ್ಥೆಯ ನೌಕರನೊಬ್ಬನ ವಿರುದ್ಧದ ದೋಷಾರೋಪವನ್ನು ಬಹಿರಂಗಪಡಿಸಿತು. ನಮ್ಮಲ್ಲಿ 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತಾತ್ಮಕ ಜಾಲದ ಕಂಪ್ಯೂಟರೊಂದರಲ್ಲಿ ಕುತಂತ್ರಾಂಶ ಪತ್ತೆಯಾದಾಗ ಸ್ಥಾವರವನ್ನು ಕಾಪಾಡಿದ್ದು ನಿಯಂತ್ರಣ ಜಾಲ ಪ್ರತ್ಯೇಕವಾಗಿದ್ದುದು. ಸೌದಿ ಸ್ಥಾವರದಲ್ಲಿ ಆ ಗೋಡೆಯೇ ಗಟ್ಟಿಯಿರಲಿಲ್ಲ.

ಷ್ನೈಡರ್ ಸೂಚಿಸಿದ ಪರಿಹಾರಗಳಲ್ಲಿ ಒಂದು ತೀರ ಸರಳ: ಕೀಲಿ 'ಪ್ರೋಗ್ರಾಂ' ಸ್ಥಾನದಲ್ಲಿರುವಷ್ಟು ಹೊತ್ತೂ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಎಚ್ಚರಿಕೆ ಕಾಣಿಸುತ್ತಿರಬೇಕು. ಇದಕ್ಕೆ ನಾಲ್ಕನೆಯ ಸಂಸ್ಕಾರಕವೇನೂ ಬೇಕಿಲ್ಲ.