ದುಂದು ಕಳೆಯುವ ಬಗೆ

ಸಣ್ಣ ಕೈಗಾರಿಕೆಗಳಲ್ಲಿ 'ಲೀನ್' ಎಂಬ ದುಂದಿಲ್ಲದ ಉತ್ಪಾದನಾಕ್ರಮವನ್ನು ನೆಲೆಗೊಳಿಸುವ ಸಲುವಾಗಿ ಕೇಂದ್ರ ಸರಕಾರವು 2023ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಯೋಜನೆಯೊಂದನ್ನು ಆರಂಭಿಸಿ, ಮಾರ್ಗದರ್ಶಕರ ವೆಚ್ಚದಲ್ಲಿ ನೂರಕ್ಕೆ 90ರಷ್ಟನ್ನು ತಾನೇ ಹೊರುವುದಾಗಿ ಸಾರಿದುದು ಸ್ತುತ್ಯವಾದ ಸಂಗತಿ. ಪೀಣ್ಯದಲ್ಲಿಯೂ ಬೆಳಗಾವಿಯ ಉದ್ಯಮಬಾಗದಲ್ಲಿಯೂ ಯಂತ್ರಶಾಲೆಗಳನ್ನು ನಡೆಯಿಸುವ ನಮ್ಮ ನಾಡಿಗರು ಇಂತಹ ನೆರವನ್ನು ಅಲಕ್ಷಿಸಕೂಡದು. ಆದರೆ ಈ ಕ್ರಮವನ್ನು ಯಾವ ತುದಿಯಿಂದ ಹಿಡಿಯಬೇಕೆಂಬ ವಿಷಯದಲ್ಲಿ ಅನೇಕ ಯಜಮಾನರಿಗೆ ಭ್ರಾಂತಿಯುಂಟಾಗಿದೆಯೆಂದು ನಮಗೆ ತೋರುತ್ತದೆ. ದುಂದು ಎಂದೊಡನೆ ಅವರ ಕಣ್ಣು ಹೋಗುವುದು ಹಾಜರಿ ಪುಸ್ತಕದ ಮೇಲೆ!

ಈ ಪದ್ಧತಿಯ ಬೇರು ಜಪಾನಿನ ಮಗ್ಗದಲ್ಲಿದೆ. ಬಡಗಿಯ ಮಗನಾದ ಸಾಕಿಚಿ ತೊಯೋದಾ ಎಂಬಾತನು 1924ರಲ್ಲಿ ಪೂರೈಸಿದ ಸ್ವಯಂಚಾಲಿತ ಮಗ್ಗವು ನೂಲಿನ ಎಳೆ ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ನೇಯುವುದಕ್ಕಿಂತ ನೇಯದಿರುವುದೇ ಲೇಸೆಂಬುದು ಅದರ ತತ್ತ್ವ. ಭಾರತದ ಗಿರಣಿಗಳಿಗೆ ಯಂತ್ರಗಳನ್ನು ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಸಹೋದರರ ಸಂಸ್ಥೆಯು 1929ರಲ್ಲಿ ಆ ಮಗ್ಗದ ಹಕ್ಕನ್ನು ಹಣ ತೆತ್ತು ಕೊಂಡಿತು. (ಲ್ಯಾಂಕಶೈರು ಏಷ್ಯದ ಬಡಗಿಯ ಮಗನ ಬಾಗಿಲಿಗೆ ಬಂದ ಈ ಕಥೆಯನ್ನು ನಮ್ಮ ಶಾಲೆಯ ಹುಡುಗರು ಕೇಳತಕ್ಕದ್ದು.) ಎರಡನೆಯ ಮಹಾಯುದ್ಧದ ಬಳಿಕ ತಾಯಿಚಿ ಓನೋ ಎಂಬವರು ಅದೇ ತತ್ತ್ವವನ್ನು ಟೊಯೊಟಾ ಮೋಟಾರು ಕಾರಖಾನೆಯಲ್ಲಿ ಬೆಳೆಯಿಸಿದರು. ದೋಷ ಕಂಡರೆ ಕೆಲಸಗಾರನೇ ಸಾಲನ್ನು ನಿಲ್ಲಿಸಬಹುದು. ಮುಂದಿನವನು ಬೇಡಿದಷ್ಟನ್ನೇ ಹಿಂದಿನವನು ಮಾಡಬೇಕು.

ಹಾಗೆ ನಿಲ್ಲಿಸುವ ಧೈರ್ಯವು ಕೂಲಿಯವನಿಗೆ ಎಲ್ಲಿಂದ ಬಂದೀತು? ಅಮೆರಿಕೆಯ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸಿನವರು 1982ರಲ್ಲಿ ಮುಚ್ಚಿದ್ದ ಕಾರಖಾನೆಯನ್ನು ಟೊಯೊಟಾದವರೊಡನೆ ಕೂಡಿ 1984ರಲ್ಲಿ ಪುನಃ ತೆರೆದಾಗ, ಜಗಳಗಂಟರೆಂದು ಹೆಸರಾಗಿದ್ದ ಹಳೆಯ ಕೆಲಸಗಾರರನ್ನೇ ಬಹುಮಟ್ಟಿಗೆ ತೆಗೆದುಕೊಂಡರು. ಕಠಿಣ ಸಂಕಟವೊದಗಿದ ಹೊರತು ಯಾರನ್ನೂ ಬಿಡಿಸುವುದಿಲ್ಲವೆಂದು ಅವರ ಸಂಘಕ್ಕೆ ಬರೆದುಕೊಟ್ಟರು. 1988ರಲ್ಲಿ ಮಾರಾಟ ಕುಗ್ಗಿದಾಗ ಅವರನ್ನು ಮನೆಗಟ್ಟದೆ ಶಿಕ್ಷಣಕ್ಕೆ ಹಚ್ಚಿದರು. ಅದೇ ಜನರ ಕೈಯಿಂದ ಉತ್ತಮವಾದ ಗಾಡಿಗಳು ಹೊರಬಿದ್ದವು. ಜನರಲ್ ಮೋಟರ್ಸು 2009ರಲ್ಲಿ ದಿವಾಳಿಯೆದ್ದು ಪಾಲು ಬಿಟ್ಟ ಮೇಲೆ, 2010ರಲ್ಲಿ ಆ ಕೂಡುಕಾರಖಾನೆ ಮುಚ್ಚಿತೆಂಬುದು ಬೇರೆ ಮಾತು.

ನೆಲಕ್ಕೆ ಹಳದಿ ಪಟ್ಟೆ ಬಳಿದು, ಗೋಡೆಗೆ ಫಲಕ ತೂಗಿಸಿ, ದಾಸ್ತಾನನ್ನು ಅರ್ಧಕ್ಕಿಳಿಸಿದರೆ ಲೀನ್ ಆಯಿತೆಂದು ತಿಳಿಯುವವರು ನಮ್ಮಲ್ಲಿ ಉಂಟು. ಅಚ್ಚು ಬದಲಿಸುವುದಕ್ಕೆ ಎರಡು ಗಂಟೆ ಹಿಡಿಯುವ ಪ್ರೆಸ್ಸಿನಲ್ಲಿ ದಾಸ್ತಾನು ಹೇಗೆ ಇಳಿದೀತು? ಮೊದಲು ಆ ಎರಡು ಗಂಟೆಯನ್ನು ಹತ್ತು ನಿಮಿಷಕ್ಕೆ ತರುವ ಉಪಾಯವನ್ನು ಪ್ರೆಸ್ಸಿನ ಮುಂದೆ ನಿಂತವನಿಂದಲೇ ಕೇಳಬೇಕು. ತನ್ನ ಉಪಾಯವೇ ತನ್ನ ಅನ್ನಕ್ಕೆ ಕಲ್ಲು ಹಾಕೀತೆಂದು ಅಂಜುವವನು ಬಾಯಿ ಬಿಡುವನೆ? ಆದಕಾರಣ ಒಂದೇ ಸಾಲಿನಲ್ಲಿ, ಒಂದೇ ವಸ್ತುವಿನಿಂದ ತೊಡಗಿ, ಸುಧಾರಣೆಯ ನಿಮಿತ್ತ ಯಾರ ಕೆಲಸವೂ ಹೋಗದೆಂದು ಯಜಮಾನನು ಮೊದಲೇ ಬರೆದುಕೊಡತಕ್ಕದ್ದು. ಮಿಕ್ಕ ಕೈಗಳಿಗೆ ಹೊಸ ಕೆಲಸ ಹುಡುಕುವುದು ಅವನ ಹೊಣೆ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕಾಗಿದೆ. ದೊಡ್ಡ ಕಂಪನಿಯು ತನ್ನ ಉಗ್ರಾಣವನ್ನು ಬರಿದುಮಾಡಿಕೊಂಡು, ಆ ದಾಸ್ತಾನನ್ನು ಬಿಡಿಭಾಗ ಒದಗಿಸುವ ಸಣ್ಣವನ ಹೆಗಲಿಗೆ ಹೊರಿಸಿದರೆ ದುಂದು ಎಲ್ಲಿ ಕಳೆಯಿತು? 2006ರ ಕಾಯದೆಯ ಮೇರೆಗೆ 45 ದಿನ ಮೀರದಂತೆ ಸಲ್ಲಬೇಕಾದ ಹಣವು ತಿಂಗಳುಗಟ್ಟಲೆ ನಿಂತರಂತೂ ಅವನು ಆಳುಗಳಿಗೆ ಭರವಸೆ ಕೊಡುವುದಾದರೂ ಯಾವ ಬಲದಿಂದ? ಸರಕಾರದ ಹಣದಿಂದ ಈ ಕಾರ್ಯ ನಡೆಯುವಲ್ಲೆಲ್ಲ ಪ್ರಮಾಣಪತ್ರ ನೀಡುವ ಮುನ್ನ, ಕೆಲಸಗಾರರಿಗೆ ಬರೆದುಕೊಟ್ಟ ಭರವಸೆಯನ್ನೂ ದೊಡ್ಡ ಗಿರಾಕಿಗಳು ಹಣ ಸಲ್ಲಿಸಿದ ತಾರೀಖುಗಳನ್ನೂ ಅಧಿಕಾರಿಗಳು ತರಿಸಿ ನೋಡುವಂತೆ ನಿಯಮಕ್ಕೆ ಎರಡು ಸಾಲು ಸೇರಿಸಲಿ.