ಹೆಸರು ಹೇಳೆಂಬ ನ್ಯಾಯಸ್ಥಾನ

ರಾತ್ರಿಯ ಊಟವಾದ ಬಳಿಕ ಒಬ್ಬರು ಓದುವುದು, ಉಳಿದವರು ಕೇಳುವುದು ಎಂಬ ಪದ್ಧತಿಯು ನಮ್ಮ ಮನೆಯಲ್ಲಿ ಬಹುಕಾಲದಿಂದ ನಡೆದುಬಂದಿರುವುದನ್ನು ಈ ಪುಟಗಳ ವಾಚಕರು ಬಲ್ಲರು. ಸಾಮಾನ್ಯವಾಗಿ ಪುರಾಣವೋ ಸಂಸ್ಕೃತ ನಾಟಕವೋ ನಡೆಯುವುದುಂಟು. ಈ ಸಲ ನಮ್ಮ ಕಿರಿಯ ಮಗಳು ತನ್ನ ಕಾಲೇಜಿನ ಪಠ್ಯವಾದ ಇಂಗ್ಲಿಷ್ ನಾಟಕವೊಂದನ್ನು ಮುಂದಿಟ್ಟು, “ಅಪ್ಪ, ಇದನ್ನೇ ಓದೋಣ, ಅಮ್ಮನಿಗೆ ನಾನು ಕನ್ನಡದಲ್ಲಿ ಹೇಳುತ್ತೇನೆ” ಎಂದಳು. ಅದು ಅಮೆರಿಕದ ಆರ್ಥರ್ ಮಿಲ್ಲರನು ರಚಿಸಿದ ‘ದಿ ಕ್ರೂಸಿಬಲ್’. 1953ನೆಯ ಇಸವಿ ಜನವರಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊದಲು ರಂಗವೇರಿತು. ಕ್ರೂಸಿಬಲ್ ಎಂದರೆ ನಮ್ಮ ಅಕ್ಕಸಾಲಿಗರ ಮೂಸೆ. ಸಂಸ್ಕೃತದ ‘ಮೂಷಾ’ ಎಂಬುದೇ ಕನ್ನಡದಲ್ಲಿ ಮೂಸೆಯಾಗಿರುವುದು. ಲೋಹವು ಕರಗಿ, ಕಲ್ಮಷವು ಬೇರ್ಪಟ್ಟು, ಉಳಿದುದು ಚಿನ್ನವೋ ತಾಮ್ರವೋ ಎಂದು ತಿಳಿಯುವ ಪಾತ್ರೆ. ಇಲ್ಲಿ ಕರಗುವವರು ಮನುಷ್ಯರು.

ಕಥೆಗೆ ಆಧಾರವಾದ ಸಂಗತಿಯು ನಿಜವಾಗಿ ನಡೆದದ್ದು. 1692ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತವು ಇಂಗ್ಲೆಂಡಿನ ದೊರೆತನಕ್ಕೆ ಒಳಪಟ್ಟಿದ್ದಿತು. ಅಲ್ಲಿನ ಸೇಲಂ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಪ್ಯಾರಿಸನ ಮನೆಯಲ್ಲಿ, ಅವನ 9 ವರ್ಷದ ಮಗಳಿಗೂ ಅವಳಿಗಿಂತ ಸ್ವಲ್ಪ ದೊಡ್ಡವಳಾದ ಸಂಬಂಧಿಯ ಹುಡುಗಿ ಅಬಿಗೈಲಳಿಗೂ ಮೈಮೇಲೆ ಬಂದಂತೆ ಚೀರಾಟವು ಮೊದಲಾಯಿತು. ಔಷಧಕ್ಕೆ ಬಗ್ಗದಿರಲು ಮಾಟವೆಂದರು. ಮಾಟವಾದ ಮೇಲೆ ಮಾಡಿದವರು ಇರಬೇಕಷ್ಟೆ! ಯಾರು, ಯಾರು ಎಂದು ಹಿರಿಯರು ಪೀಡಿಸಿ ಕೇಳಲು, ಮೂವರು ಹೆಂಗಸರ ಹೆಸರುಗಳು ಹೊರಬಿದ್ದುವು. ಒಬ್ಬಳು ಪಾದ್ರಿಯ ಮನೆಯ ಕ್ರಯದ ದಾಸಿ ಟಿಟುಬಾ. ಇನ್ನೊಬ್ಬಳು ಮನೆಮನೆಗೆ ತಿರುಗಿ ಬೇಡುತ್ತಿದ್ದ ಸಾರಾ ಗುಡ್. ಮತ್ತೊಬ್ಬಳು ಬಹುದಿನಗಳಿಂದ ಕಾಯಿಲೆ ಬಿದ್ದು ದೇವಾಲಯಕ್ಕೆ ಬರದಿದ್ದ ಸಾರಾ ಆಸ್‌ಬೋರ್ನ್. ಊರಿನಲ್ಲಿ ಯಾರ ಪರವಾಗಿ ಮಾತಾಡುವವರಿಲ್ಲವೋ ಅವರ ಹೆಸರೇ ಮಕ್ಕಳ ಬಾಯಿಗೂ ಮೊದಲು ಬರುವುದು.

ಈ ಮೂವರ ಗತಿಯನ್ನು ನೋಡಿದರೆ ಆ ನ್ಯಾಯಸ್ಥಾನದ ಸ್ವರೂಪವೆಲ್ಲವೂ ತಿಳಿದುಬರುತ್ತದೆ. ಟಿಟುಬಾ ಒಪ್ಪಿಕೊಂಡಳು, ತಾನಲ್ಲದೆ ಇನ್ನೂ ಕೆಲವರಿದ್ದಾರೆಂದೂ ಹೇಳಿದಳು, ಅವಳು ಬದುಕಿದಳು. ಸಾರಾ ಗುಡ್ ಒಪ್ಪಲಿಲ್ಲ. ಅವಳನ್ನು ನೇಣಿಗೆ ಹಾಕಿದರು. ಆಸ್‌ಬೋರ್ನಳೂ ಒಪ್ಪಲಿಲ್ಲ, ವಿಚಾರಣೆಗೆ ಮೊದಲೇ ಸೆರೆಮನೆಯಲ್ಲಿ ಪ್ರಾಣಬಿಟ್ಟಳು. ಸಾರಾ ಗುಡ್ಡಳ ಮಗಳೊಬ್ಬಳಿದ್ದಳು, ನಾಲ್ಕೈದು ವರ್ಷದ ಕೂಸು. ಅದೂ ಮಾಟಗಾತಿಯೆಂದು ಅದನ್ನೂ ಸಂಕೋಲೆಯಿಟ್ಟು ಸೆರೆಯಲ್ಲಿಟ್ಟರು. ಇದನ್ನು ಓದಿದ ರಾತ್ರಿ ನಮ್ಮ ಮನೆಯವರು ಮಾತಿಲ್ಲದೆ ಎದ್ದು ಒಳಕ್ಕೆ ಹೋದರು.

ಹಾಗಾದರೆ ಸಾಕ್ಷ್ಯವೆಂಬುದು ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇದ್ದಿತು. ಆಪಾದಿತಳು ತನ್ನ ಮನೆಯಲ್ಲಿ ಮಲಗಿದ್ದರೂ ಅವಳ ಛಾಯಾರೂಪವು ಬಂದು ಹುಡುಗಿಯನ್ನು ಚಿವುಟುವುದಂತೆ. ಆ ರೂಪವು ಪೀಡಿತಳ ಹೊರತು ಮತ್ತಾರಿಗೂ ಕಾಣದಂತೆ. ಇದನ್ನು ನ್ಯಾಯಾಧೀಶರು ಪ್ರಮಾಣವೆಂದು ಅಂಗೀಕರಿಸಿದರು. ನಮ್ಮ ಗೌತಮನು ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಮೊದಲನೆಯದಾಗಿ ಎಣಿಸಿದರೂ, ಅದಕ್ಕೆ ‘ಅವ್ಯಭಿಚಾರಿ’ ಎಂಬ ವಿಶೇಷಣವನ್ನು ಮರೆಯದೆ ಸೇರಿಸಿದ್ದಾನೆ. ಹಗ್ಗದಲ್ಲಿ ಹಾವನ್ನು ಕಂಡವನೂ ಕಂಡವನೇ. ಆದರೆ ದೀಪವನ್ನು ತಂದು ತೋರಿಸಿದರೆ ಅವನ ಭ್ರಮೆಯು ಹೋದೀತು. ಸೇಲಂ ಊರಿನ ಹಾವಾದರೋ ದೀಪಕ್ಕೆ ಕಾಣುವ ಹಾವಲ್ಲ. ಇಲ್ಲವೆಂದು ತೋರಿಸಲು ಸಾಧ್ಯವೇ ಇಲ್ಲದ ವಸ್ತುವನ್ನು ಉಂಟೆನ್ನುವವನ ಎದುರಿನಲ್ಲಿ ನಿರಪರಾಧಿಗೆ ಯಾವ ಉತ್ತರವಿದ್ದೀತು? 71 ವರ್ಷದ ರೆಬೆಕಾ ನರ್ಸ್ ಎಂಬ ಮುದುಕಿಯನ್ನು ಜೂರಿಯವರು ಮೊದಲು ನಿರ್ದೋಷಿಯೆಂದರು. ಕೂಡಲೇ ಹುಡುಗಿಯರು ಕೂಗಾಡಿದರು. ಮುಖ್ಯ ನ್ಯಾಯಾಧೀಶನು ಅವಳಾಡಿದ್ದ ಒಂದು ಮಾತನ್ನು ನೆನಪಿಸಿ ಮತ್ತೆ ಆಲೋಚಿಸಿರೆಂದನು. ಆ ಮಾತಿನ ಅರ್ಥವೇನೆಂದು ಕೇಳಿದಾಗ, ಕಿವಿ ಮಂದವಾಗಿದ್ದ ಆ ಮುದುಕಿ ಉತ್ತರಕೊಡಲಿಲ್ಲ. ದೋಷಿಯೆಂದರು. ಅಕ್ಟೋಬರಿನಲ್ಲಿ ಗವರ್ನರನು ಆ ವಿಶೇಷ ನ್ಯಾಯಸ್ಥಾನವನ್ನು ಮುಚ್ಚುವ ಹೊತ್ತಿಗೆ 19 ಮಂದಿ ನೇಣಿಗೇರಿದ್ದರು. ಅವರಲ್ಲಿ 14 ಮಂದಿ ಹೆಂಗಸರು. ವಿಚಾರಣೆಗೇ ಒಡಂಬಡದ ವೃದ್ಧ ಜೈಲ್ಸ್ ಕೋರಿಯನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದಿದ್ದರು. ತಾನು ಮಾಟಗಾತಿಯೆಂದು ಒಪ್ಪಿಕೊಂಡು, ಆ ಮಾತಿಗೇ ಕಟ್ಟುಬಿದ್ದವರಲ್ಲಿ ಒಬ್ಬರನ್ನೂ ನೇಣಿಗೆ ಹಾಕಲಿಲ್ಲ.

“ಅಪ್ಪ, ಸುಳ್ಳಾಡಿದವರು ಬದುಕಿದರು, ನಿಜವಾಡಿದವರು ಸತ್ತರು, ಇದಾವ ನ್ಯಾಯ?” ಎಂದಳು ಮಗಳು. ಮಿಲ್ಲರನ ನಾಟಕವು ನಿಂತಿರುವುದೇ ಈ ಪ್ರಶ್ನೆಯ ಮೇಲೆ.

1692ರ ಸಂಗತಿಯನ್ನು 1953ರಲ್ಲಿ ಆಡಿ ತೋರಿಸಬೇಕಾದ ಕಾರಣವನ್ನು ಹೇಳುವೆವು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಕಮ್ಯೂನಿಸ್ಟರ ಭಯವು ಬಲವಾಯಿತು. ಪ್ರಜಾಪ್ರತಿನಿಧಿಸಭೆಯ ಒಂದು ಸಮಿತಿಯು ಬರಹಗಾರರನ್ನೂ ನಟರನ್ನೂ ಕರೆಯಿಸಿ, ನೀವು ಆ ಪಕ್ಷದವರೋ, ಹಿಂದೆ ಆಗಿದ್ದಿರೋ ಎಂದು ಕೇಳುತ್ತಿತ್ತು. ಸೆನೆಟ್ ಸಭೆಯ ಮೆಕಾರ್ಥಿ ಎಂಬಾತನು 1950ರಿಂದ, ಸರ್ಕಾರದೊಳಗಿನ ದ್ರೋಹಿಗಳ ಪಟ್ಟಿಯು ತನ್ನಲ್ಲಿದೆಯೆಂದು ಸಾರಿ ಹೆಸರುವಾಸಿಯಾದನು. ಸಮಿತಿಯ ಮುಂದೆ, ಹೌದು, ನಾನು ಆಗಿದ್ದೆನು, ಈಗ ಬಿಟ್ಟೆನು ಎಂದರೆ ಸಾಲದು. ನಿನ್ನೊಡನೆ ಯಾರಿದ್ದರು, ಅವರ ಹೆಸರು ಹೇಳು ಎನ್ನುವರು. ಆ ಹೆಸರುಗಳು ಅವರಿಗೆ ಅನೇಕ ವೇಳೆ ಮೊದಲೇ ತಿಳಿದಿರುತ್ತಿದ್ದುವು. ಬೇಕಾಗಿದ್ದುದು ಸಮಾಚಾರವಲ್ಲ, ಶರಣಾಗತಿ. ಹೇಳದವರಿಗೆ ಕೆಲಸವು ಹೋಗುವುದು. ಕೆಲವರಿಗೆ ಸೆರೆಮನೆಯೂ ಆಯಿತು. ಮಿಲ್ಲರನ ಹಿಂದಿನ ನಾಟಕಗಳನ್ನು ರಂಗಕ್ಕೆ ತಂದಿದ್ದ ಪರಮಮಿತ್ರ ಎಲಿಯಾ ಕಜಾನನು 1952ರ ಏಪ್ರಿಲ್ ತಿಂಗಳಿನಲ್ಲಿ ಹಳೆಯ ಜೊತೆಗಾರರಲ್ಲಿ 8 ಮಂದಿಯ ಹೆಸರುಗಳನ್ನು ಹೇಳಿದನು. ಅದೇ ವರ್ಷ ಮಿಲ್ಲರನು ಸೇಲಂ ಊರಿಗೆ ಹೋಗಿ ಹಳೆಯ ವಿಚಾರಣೆಯ ದಾಖಲೆಗಳನ್ನು ಓದಿದನು.

ನಾಟಕದ ನಾಯಕ ಜಾನ್ ಪ್ರಾಕ್ಟರನಿಗೆ ಕೊನೆಯ ಅಂಕದಲ್ಲಿ ಬದುಕುವ ದಾರಿಯು ತೆರೆದೇ ಇರುತ್ತದೆ. ಹೆಂಡತಿ ಬಸುರಿ, ಮಕ್ಕಳು ಚಿಕ್ಕವರು. ಒಂದು ಸುಳ್ಳಾಡಿದರೆ ಸಾಕು. ಅವನು ಆಡಿಯೂ ಬಿಡುತ್ತಾನೆ! ಆದರೆ ಪಿಶಾಚದ ಬಳಿ ಇನ್ನಾರನ್ನು ಕಂಡೆಯೆಂದು ಕೇಳಿದಾಗ ಬಾಯಿ ಬಿಗಿಯುತ್ತಾನೆ. ಕಾಗದಕ್ಕೆ ರುಜುಹಾಕೆಂದರೆ ಅದನ್ನೂ ಹಾಕುತ್ತಾನೆ. ಆ ಕಾಗದವನ್ನು ದೇವಾಲಯದ ಬಾಗಿಲಿಗೆ ಹೊಡೆಯುವರೆಂದು ತಿಳಿದಾಗ ಮಾತ್ರ, ತನ್ನ ಹೆಸರು ಸತ್ತವರಿಗೆ ಕಳಂಕವಾಗುವುದನ್ನು ಸಹಿಸಲಾರದೆ, ಹರಿದುಹಾಕಿ ನೇಣಿಗೆ ನಡೆಯುತ್ತಾನೆ. ಈ ಭಾಗವನ್ನು ಓದುತ್ತ ನಮಗೆ ವಿಶಾಖದತ್ತನ ಮುದ್ರಾರಾಕ್ಷಸದ ಚಂದನದಾಸನು ನೆನಪಿಗೆ ಬಂದನು. ಮಿತ್ರನಾದ ರಾಕ್ಷಸನ ಹೆಂಡಿರು ಮಕ್ಕಳನ್ನು ಒಪ್ಪಿಸೆಂದು ಚಾಣಕ್ಯನು ಹೆದರಿಸಿದರೂ ಬಗ್ಗದೆ ವಧ್ಯಸ್ಥಾನಕ್ಕೆ ನಡೆದ ರತ್ನವ್ಯಾಪಾರಿ ಅವನು. ಚಂದನದಾಸನಿಗಾದರೋ ಕಡೆಯ ಗಳಿಗೆಯಲ್ಲಿ ಬಿಡುಗಡೆಯಾಗುತ್ತದೆ. ನಮ್ಮ ಕವಿಗಳಿಗೆ ಅಂಥವನನ್ನು ಕೊಲ್ಲಲು ಮನಸ್ಸು ಬಾರದು.

ನಾಟಕದಲ್ಲಿ ನಮಗೆ ಒಪ್ಪಿಗೆಯಾಗದ ಒಂದು ಅಂಶವುಂಟು. ಚರಿತ್ರೆಯ ಪ್ರಾಕ್ಟರನು ಸುಮಾರು 60 ವರ್ಷದವನು, ನಮ್ಮ ವಯಸ್ಸಿನವನೇ. ಕವಿಯು ಅವನನ್ನು ಮೂವತ್ತರ ಪ್ರಾಯದವನನ್ನಾಗಿಯೂ ಬಾಲೆ ಅಬಿಗೈಲಳನ್ನು 17 ವರ್ಷದವಳನ್ನಾಗಿಯೂ ಮಾಡಿ, ಇಬ್ಬರಿಗೂ ಕಳ್ಳಸಂಬಂಧವನ್ನು ಕಲ್ಪಿಸಿದ್ದಾನೆ. ಇದರಿಂದ ನಾಯಕನ ಪಶ್ಚಾತ್ತಾಪಕ್ಕೆ ಬಲಬಂದಿತು, ನಿಜ. ಆದರೆ ಊರಿಗೆ ಊರೇ ಮಾಡಿದ ಪಾಪವು ಒಬ್ಬ ಹುಡುಗಿಯ ಹೊಟ್ಟೆಕಿಚ್ಚಿಗೆ ಇಳಿದುಹೋಯಿತು. ಮುದುಕನನ್ನು ಮುದುಕನಾಗಿಯೇ ಬಿಟ್ಟಿದ್ದರೆ ನಮಗೆ ಹೆಚ್ಚು ಹಿಡಿಸುತ್ತಿದ್ದಿತು.

ಮಾಟಗಾತಿಯರು ಇರಲಿಲ್ಲ, ಕಮ್ಯೂನಿಸ್ಟರಾದರೋ ಇದ್ದರು. ಆದುದರಿಂದ ಹೋಲಿಕೆಯು ತಪ್ಪೆಂದು ಆಗಲೇ ಕೆಲವರು ಆಕ್ಷೇಪಿಸಿದರು. ಇದು ತಳ್ಳಿಹಾಕುವ ಮಾತಲ್ಲ. ಸೋವಿಯೆಟ್ ಗೂಢಚಾರರು ಕೆಲವರು ನಿಜವಾಗಿಯೇ ಇದ್ದರೆಂಬುದು 1995ರಲ್ಲಿ ಹೊರಬಂದ ಗುಪ್ತಪತ್ರಗಳಿಂದ ಸ್ಪಷ್ಟವಾಗಿದೆ. ಆದರೆ ಕಳ್ಳರು ಊರಿನಲ್ಲಿದ್ದಾರೆಂಬ ಮಾತ್ರಕ್ಕೆ ಇವನು ಕಳ್ಳನೆಂದು ಸಿದ್ಧವಾಗುವುದಿಲ್ಲವಷ್ಟೆ. ಮಿಲ್ಲರನು ಕೇಳುವುದು ಅಪರಾಧವುಂಟೇ ಎಂದಲ್ಲ, ಅದನ್ನು ಗೊತ್ತುಮಾಡಿದ ರೀತಿ ಯಾವುದು ಎಂದು.

ಬರೆದ ಮಾತನ್ನು ಬಾಳಿನಲ್ಲಿಯೂ ನಡೆಸಬೇಕಾದ ಸಂದರ್ಭವು ಅವನಿಗೆ ಬೇಗನೆ ಒದಗಿತು. 1954ರಲ್ಲಿ ಬೆಲ್ಜಿಯಮ್ಮಿನ ಪ್ರದರ್ಶನಕ್ಕೆ ಹೋಗಲು ರಹದಾರಿಯನ್ನು ಕೊಡಲಿಲ್ಲ. 1956ರ ಜೂನ್ ತಿಂಗಳಿನಲ್ಲಿ ಅದೇ ಸಮಿತಿಯು ಅವನನ್ನು ಕರೆಯಿಸಿತು. ತನ್ನ ವಿಷಯವೆಲ್ಲವನ್ನೂ ಹೇಳಿದನು. ಪರರ ಹೆಸರುಗಳನ್ನು ಹೇಳಲಿಲ್ಲ. ಸಭೆಯ ಅವಜ್ಞೆಯೆಂದು 1957ರಲ್ಲಿ ಅಪರಾಧವು ಸ್ಥಾಪಿತವಾಗಿ, 1958ರಲ್ಲಿ ಮೇಲಿನ ನ್ಯಾಯಸ್ಥಾನದಲ್ಲಿ ರದ್ದಾಯಿತು. ಮೆಕಾರ್ಥಿಯನ್ನು ಸೆನೆಟ್ ಸಭೆಯೇ 1954ರಲ್ಲಿ ಖಂಡಿಸಿತ್ತು.

ಸೇಲಂ ವಿಚಾರಣೆಯಲ್ಲಿ ಮರಣದಂಡನೆಯಾಗಿ, ಜೀವವೊಂದು ಉಳಿದ ಎಲಿಜಬೆತ್ ಜಾನ್‌ಸನ್ ಎಂಬವಳ ಹೆಸರು ಮಾತ್ರ 2022ರವರೆಗೂ ದೋಷಮುಕ್ತವಾಗಿರಲಿಲ್ಲ. ಮ್ಯಾಸಚೂಸೆಟ್ಸಿನ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳೂ ಅವರ ಉಪಾಧ್ಯಾಯಿನಿಯೂ ಹಳೆಯ ಕಾಗದಗಳನ್ನು ಓದಿ ಪ್ರಯತ್ನಮಾಡಿದ್ದರಿಂದ ಆ ವರ್ಷ ಅಲ್ಲಿನ ಶಾಸನಸಭೆಯು ಅವಳನ್ನು ಬಿಡುಗಡೆಮಾಡಿತು. ಇದನ್ನು ಓದಿದಾಗ ಸಂತೋಷಪಡುವುದಕ್ಕೆ ಮೊದಲು ನಾವು ತಲೆತಗ್ಗಿಸಿದೆವು. ನಾವೂ ಎಂಟನೆಯ ತರಗತಿಯ ಉಪಾಧ್ಯಾಯರಾಗಿದ್ದವರೇ.

ಒಮ್ಮೆ ನಮ್ಮ ಪೆನ್ನು ಕಾಣೆಯಾಯಿತು. ಪ್ರತಿಯೊಬ್ಬನೂ ತನಗೆ ಸಂಶಯವಿರುವವನ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕೆಂದು ನಾವು ಅಪ್ಪಣೆಮಾಡಿದೆವು. 40 ಚೀಟಿಗಳಲ್ಲಿ 31ರಲ್ಲಿ ಒಬ್ಬ ಹುಡುಗನ ಹೆಸರೇ ಇದ್ದಿತು. ಅವನ ಅಂಗಿ ಹರಿದಿದ್ದಿತು, ತಂದೆ ಇರಲಿಲ್ಲ. ನಾವು 31 ಮಂದಿ ಸಾಕ್ಷಿಗಳು ದೊರೆತರೆಂದು ತಿಳಿದು, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ಒಂದು ಚೀಟಿಯಲ್ಲಿ ‘ನನಗೆ ಗೊತ್ತಿಲ್ಲ ಸಾರ್’ ಎಂದು ಬರೆದಿದ್ದಿತು. ಬರೆದವನು ಯಾರೆಂದು ಅಕ್ಷರದಿಂದ ಪತ್ತೆಮಾಡಿ, ಕಳ್ಳನನ್ನು ಮರೆಮಾಡುತ್ತೀಯಾ ಎಂದು ಅವನನ್ನೂ ಗದರಿಸಿದೆವು. ಮೂರನೆಯ ದಿನ ಪೆನ್ನು ನಮ್ಮ ಕೋಟಿನ ಹರಿದ ಒಳಜೇಬಿನಿಂದ ಕೆಳಗಿಳಿದು ಅಸ್ತರಿಯಲ್ಲಿ ಸಿಕ್ಕಿಕೊಂಡಿದ್ದುದು ಕಂಡುಬಂದಿತು. ತರಗತಿಯ ಮುಂದೆ ತಪ್ಪನ್ನು ಒಪ್ಪಿಕೊಂಡು ಆ ಹುಡುಗನ ಕ್ಷಮೆಯನ್ನು ಕೇಳಿದೆವು. ಅವನು “ಪರವಾಗಿಲ್ಲ ಸಾರ್” ಎಂದನು. ಉಳಿದ 31 ಮಂದಿ ಆ ದಿನವೆಲ್ಲ ಅವನ ಕಡೆಗೆ ನೋಡಲಿಲ್ಲ; ಗೊತ್ತಿಲ್ಲವೆಂದು ಬರೆದಿದ್ದವನು ಮಾತ್ರ ಮಧ್ಯಾಹ್ನ ಅವನ ಪಕ್ಕದಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿದನು.