ಗಾಡಿ ಬಂದ್ ಮಾಡಿ, ಒಳಗೆ ಬನ್ನಿ

ಜುಲೈ ಕೊನೆಯ ವಾರ ಬಂತೆಂದರೆ ಹುಬ್ಬಳ್ಳಿ ಸುತ್ತಲಿನ ರಸ್ತೆಗಳಲ್ಲಿ ಬೈಕುಗಳ ಸಾಲು ಕಾಣುತ್ತದೆ. ಹಿಂದೆ ಕಟ್ಟಿದ ತ್ರಿವರ್ಣ ಧ್ವಜ, ಜಾಕೆಟ್ಟಿನ ಬೆನ್ನ ಮೇಲೆ ಕ್ಲಬ್ಬಿನ ಗುರುತು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ. ಜುಲೈ 26 ಕಾರ್ಗಿಲ್ ವಿಜಯ ದಿವಸ. 1999ರ ಆ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ಅವರ ನೆನಪಿಗೆ ಈ ರೈಡು.

ಇದರ ಬಗ್ಗೆ ನಮ್ಮ ಕಡೆ ಚಹಾದಂಗಡಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. 'ಪೆಟ್ರೋಲಿಗೆ ರೊಕ್ಕ ಹೆಚ್ಚಾದ ಸಿಟಿ ಹುಡುಗರ ಶೋಕಿ' ಅನ್ನುವವರು ಕೆಲವರು. 'ಅಷ್ಟಾದರೂ ನೆನಸ್ತಾರಲ್ಲಪ, ನಾವು ಅದನ್ನೂ ಮಾಡೂದಿಲ್ಲ' ಅನ್ನುವವರು ಕೆಲವರು. ನಾನು ಎರಡನೆಯವರ ಕಡೆ. ಆದರೆ ಒಂದು ಷರತ್ತು ಇದೆ. ಬೈಕು ಊರ ಹೊರಗಿನ ಪುತ್ಥಳಿಯ ತನಕ ಬಂದು ಅಲ್ಲಿಂದಲೇ ತಿರುಗಿ ಹೋದರೆ ಅದು ರೈಡು ಅಷ್ಟೇ. ಗಾಡಿ ಬಂದ್ ಮಾಡಿ ಸೈನಿಕನ ಮನೆಯೊಳಗೆ ಬಂದು ಕೂತರೆ ಆಗ ಅದನ್ನು ನೆನಪು ಅನ್ನಬಹುದು.

ನಮ್ಮ ಧಾರವಾಡ ಜಿಲ್ಲೆಯಲ್ಲಿ ಇಂಥ ರೈಡುಗಳಿಗೆ ಒಂದು ಊರು ಎಲ್ಲರಿಗೂ ಗೊತ್ತು. ಕುಂದಗೋಳ ತಾಲ್ಲೂಕಿನ ಬೆಟದೂರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಊರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿಯಿತು. ಅಲ್ಲಿದ್ದವರು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ. ಎಲ್ಲರೂ ಹೋದರು ಅಂತಲೇ ತಿಳಿದಿದ್ದರು. ಹಿಮ ಅಗೆಯುತ್ತ ಹೋದವರಿಗೆ ಹನುಮಂತಪ್ಪ ಆರನೇ ದಿನ ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು. ಆ ನಾಲ್ಕು ದಿನ ನಮ್ಮ ಕಡೆಯ ಯಾವ ಮನೆಯಲ್ಲೂ ಟಿವಿ ಬಂದ್ ಆಗಿರಲಿಲ್ಲ. ಗುಡಿ, ದರ್ಗಾ, ಚರ್ಚು ಎಲ್ಲ ಕಡೆ ಪ್ರಾರ್ಥನೆ ನಡೆದಿತ್ತು.

ಹನುಮಂತಪ್ಪ ಅವರನ್ನು ದೇಶ ಮರೆತಿಲ್ಲ, ಮರೆಯಲೂ ಬಾರದು. ನನ್ನ ಪ್ರಶ್ನೆ ಇರುವುದು ಉಳಿದವರ ಬಗ್ಗೆ. ಟಿವಿಯಲ್ಲಿ ಬರದೆ ಸತ್ತವರು. ಹದಿನೈದು, ಇಪ್ಪತ್ತು ವರ್ಷ ಗಡಿ ಕಾದು, ಪೆನ್ಷನ್ ಹಿಡಿದು ಊರಿಗೆ ಬಂದು, ಒಂದು ದಿನ ಹೊಲದಲ್ಲೋ ದವಾಖಾನೆಯಲ್ಲೋ ಸತ್ತವರು.

ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ನಾವು ಪೇಪರಿನಲ್ಲಿ 'ಹುತಾತ್ಮ' ಅಂತ ಬರೆಯುತ್ತೇವಲ್ಲ, ಸೇನೆಯ ದಾಖಲೆಯಲ್ಲಿ ಆ ಪದವೇ ಇಲ್ಲ. ಕೇಂದ್ರ ಸರ್ಕಾರ ಇದನ್ನು ಸಂಸತ್ತಿನಲ್ಲೇ ಹೇಳಿದೆ. ಸೇನೆಯ ಲೆಕ್ಕದಲ್ಲಿ ಇರುವುದು 'ಬ್ಯಾಟಲ್ ಕ್ಯಾಶುವಾಲ್ಟಿ', 'ಫಿಜಿಕಲ್ ಕ್ಯಾಶುವಾಲ್ಟಿ' ಎಂಬ ವಿಂಗಡಣೆ. ಕುಟುಂಬಕ್ಕೆ ಎಷ್ಟು ಪರಿಹಾರ, ಯಾವ ಪೆನ್ಷನ್ ಅನ್ನುವುದು ಇದರ ಮೇಲೆ ನಿಲ್ಲುತ್ತದೆ. 2019ರಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ನಿವೃತ್ತಿಯಾಗಿ ಮನೆಗೆ ಬಂದು ಸತ್ತ ಸೈನಿಕನ ಹೆಸರು ಆ ಗೋಡೆಯ ಮೇಲೆ ಬರುವುದಿಲ್ಲ. ಅವನ ಹೆಸರು ಉಳಿಯಬೇಕಾದ್ದು ಅವನ ಊರಲ್ಲಿ. ಅಲ್ಲೂ ಉಳಿಯುತ್ತಿಲ್ಲ.

ನಮ್ಮ ಕಾಕಾ ಹಾಗೆ ಹೋದವರು. ಬೆಳಗಾವಿಯಲ್ಲಿ 1922ರಿಂದ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಇದೆ. ಈ ಭಾಗದ ಎಷ್ಟೋ ಮನೆಗಳ ಹುಡುಗರು ಅಲ್ಲಿಂದಲೇ ಸೈನ್ಯಕ್ಕೆ ಹೋದವರು, ಕಾಕಾನೂ ಅಲ್ಲೇ ಭರ್ತಿಯಾಗಿದ್ದು. ಹದಿನೇಳು ವರ್ಷ ಸೇವೆ. ಊರಿಗೆ ಬಂದ ಮೇಲೆ ಸೇನಾ ಕ್ಯಾಂಟೀನಿನಲ್ಲಿ ಒಂದು ಬುಲೆಟ್ ತಗೊಂಡರು. ಹೊಲಕ್ಕೂ ಅದೇ, ಸಂತೆಗೂ ಅದೇ. ಯುದ್ಧದ ಕಥೆ ಹೇಳು ಅಂದರೆ ಚಳಿಯ ಬಗ್ಗೆ, ಲಂಗರಿನ ಊಟದ ಬಗ್ಗೆ ಹೇಳುತ್ತಿದ್ದರು. ಅದರಾಚೆ ಒಂದು ಮಾತಿಲ್ಲ. ಐವತ್ತೆರಡನೇ ವಯಸ್ಸಿಗೆ ಹೃದಯಾಘಾತ. ನಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು. ತುತ್ತೂರಿ ಊದಲಿಲ್ಲ, ಬಂದೂಕು ಹಾರಲಿಲ್ಲ, ನಿಯಮದ ಪ್ರಕಾರ ಅದು ಬರುವುದೂ ಇಲ್ಲ. ಊರಲ್ಲಿ ನಮ್ಮ ಮನೆಗೆ 'ಮಿಲ್ಟ್ರ್ಯಾರ ಮನಿ' ಅಂತ ಹೆಸರು ಬಂದಿದ್ದು ಮಾತ್ರ ಉಳಿಯಿತು.

ಅವರು ತೀರಿಕೊಂಡ ಆರು ವರ್ಷಕ್ಕೆ ಒಂದು ಭಾನುವಾರ, ಬೆಟದೂರಿಗೆ ಹೊರಟ ಒಂದು ಬೈಕ್ ಕ್ಲಬ್ಬಿನವರು ಚಹಾ ಕುಡಿಯಲು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತರು. ಎದುರಿಗೇ ನಮ್ಮ ಮನೆ. ತಗಡಿನ ಶೆಡ್ಡಿನ ಕೆಳಗೆ ಗೊಬ್ಬರದ ಚೀಲ ಹೊಚ್ಚಿದ್ದ ಬುಲೆಟ್ ಅವರ ಕಣ್ಣಿಗೆ ಬಿತ್ತು. ಬೈಕಿನವರಿಗೆ ಹಳೇ ಗಾಡಿ ಕಂಡರೆ ಕಾಲು ನಿಲ್ಲುವುದಿಲ್ಲ. ಒಬ್ಬ ಹುಡುಗ ಬಂದು ನಮ್ಮ ಚಿಗವ್ವನನ್ನು ಕೇಳಿದ: "ಅಮ್ಮಾ, ಈ ಗಾಡಿ ಯಾರದು? ಕೊಡ್ತೀರಾ?"

"ಕೊಡೂದಿಲ್ರಿ. ನಮ್ಮ ಮನ್ಯಾರದದು. ಮಿಲ್ಟ್ರ್ಯಾಗ ಇದ್ರು. ತೀರ್ಕೊಂಡು ಆರು ವರ್ಷಾತು."

ಹುಡುಗ ಹಿಂದೆ ಸರಿದ. ಅವರಲ್ಲಿ ಒಬ್ಬರು ಅರವತ್ತು ದಾಟಿದವರು ಇದ್ದರು, ನಿವೃತ್ತ ಹವಾಲ್ದಾರರು. ಹೆಲ್ಮೆಟ್ಟು, ಕೈಗವಸು ತೆಗೆದು ಬಂದು, "ಯಾವ ರೆಜಿಮೆಂಟ್ ಅಮ್ಮಾ?" ಅಂದರು.

"ಮರಾಠಾ. ಒಳಗ ಬರ್ರಿ, ಚಾ ಮಾಡ್ತೀನಿ."

ಹನ್ನೊಂದು ಜನ ನಮ್ಮ ಪಡಸಾಲೆಯಲ್ಲಿ ಮೊಣಕಾಲು ತಾಗಿಸಿಕೊಂಡು ಕೂತರು. ಬೂಟುಗಳಿಂದ ಕಟ್ಟೆ ತುಂಬಿಹೋಗಿತ್ತು. ಆ ಹವಾಲ್ದಾರರು ಕೇಳಿದ ಪ್ರಶ್ನೆಗಳು ನಮ್ಮಂಥ ವರದಿಗಾರರು ಕೇಳುವಂಥವಲ್ಲ. ಹೇಗನಿಸುತ್ತದೆ ಅಂತ ಅವರು ಕೇಳಲಿಲ್ಲ. ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು, ರಜೆಗೆ ಬರುವಾಗ ಯಾವ ರೈಲು, ಬಂದ ಮೊದಲ ದಿನ ಏನು ಮಾಡಿಸಿಕೊಂಡು ಉಣ್ಣುತ್ತಿದ್ದರು. ಚಿಗವ್ವ ಬಾಯಿ ಬಿಟ್ಟರು. ರಜೆ ಮುಗಿದು ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಬರಬೇಡ ಅಂತ ಕಾಕಾ ಹೇಳುತ್ತಿದ್ದರಂತೆ. ಬಂದರೆ ತಿರುಗಿ ನೋಡಬೇಕಾಗುತ್ತದೆ ಅಂತ. ಮನೆ ಎದುರಿಗೇ ಬಸ್‌ಸ್ಟ್ಯಾಂಡು, ಆದರೂ ಇವರು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಿದ್ದರಂತೆ. ಅದೇ ಮನೆಯಲ್ಲಿ ಬೆಳೆದ ನಾನು ಈ ಮಾತು ಅಂದೇ ಮೊದಲು ಕೇಳಿದ್ದು.

ಮಾತಿನ ನಡುವೆ ಹವಾಲ್ದಾರರು "ಪೆನ್ಷನ್ ಸರಿಯಾಗಿ ಬರ್ತಿದೆಯಾ?" ಅಂದರು. ಬರುತ್ತಿರಲಿಲ್ಲ. ಕಾಕಾ ಸತ್ತ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿ, ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು, ಚಿಗವ್ವ ಕೈಬಿಟ್ಟಿದ್ದರು. ಕಾರಣ ಸಣ್ಣದು. ಸೇನೆಯ ದಾಖಲೆಯಲ್ಲಿ ಅವರ ಹೆಸರಿನ ಕೊನೆಗೆ 'ಬಾಯಿ' ಇದೆ. ಆಧಾರ್ ಕಾರ್ಡಿನಲ್ಲಿ 'ಅವ್ವ' ಇದೆ. ಇಬ್ಬರೂ ಒಬ್ಬರೇ ಅಂತ ಒಪ್ಪಿಕೊಳ್ಳುವವರು ಇರಲಿಲ್ಲ.

ಇದು ನಮ್ಮ ಒಂದೇ ಮನೆಯ ಕಥೆ ಅಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸೈನಿಕನ ಮದುವೆ, ಮಕ್ಕಳು ಹುಟ್ಟಿದ್ದು, ಎಲ್ಲವೂ ಅವನ ಯೂನಿಟ್ಟಿನಲ್ಲಿ 'ಪಾರ್ಟ್ ಟು ಆರ್ಡರ್' ಅಂತ ದಾಖಲಾಗುತ್ತವೆ. ಹಿಂದೆ ಅದನ್ನು ಬರೆಯುತ್ತಿದ್ದವರು ಯಾವುದೋ ರಾಜ್ಯದ ಗುಮಾಸ್ತರು. ಅವರಿಗೆ ನೀಲವ್ವ, ನೀಲಮ್ಮ, ನೀಲಾಬಾಯಿ ಎಲ್ಲ ಒಂದೇ. ಆಧಾರ್ ಬಂದ ಮೇಲೆ ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಗಂಟು ಬೀಳುತ್ತದೆ. ಬಿಡಿಸಲು ದಾರಿ ಇದೆ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಡಿಸ್ಚಾರ್ಜ್ ಬುಕ್, ಪಿಪಿಒ, ಮರಣ ಪ್ರಮಾಣಪತ್ರ, ಆಧಾರ್, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟು ತಗೊಂಡು ಹೋದರೆ, ಅವರು ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯುತ್ತಾರೆ. ಮಗ ಈಗ ಸೇವೆಯಲ್ಲಿದ್ದರೆ ಇನ್ನೂ ಸುಲಭ. ಮುಂದಿನ ಸಲ ರಜೆಗೆ ಬಂದಾಗ ಅವನ ದಾಖಲೆಯಲ್ಲಿ ಹೆಂಡತಿಯ, ತಾಯಿಯ ಹೆಸರು ಹೇಗಿದೆ ಅಂತ ಆಧಾರಿನ ಜೊತೆ ಇಟ್ಟು ನೋಡಿ. ಈಗಲೇ ತಿದ್ದಿಸಿ.

ಆ ಹವಾಲ್ದಾರರು ಅಂದು ಬೆಟದೂರಿಗೆ ಹೋಗಿ ಬಂದರು. ಆದರೆ ಮುಂದಿನ ವಾರ ತಮ್ಮ ಬೈಕಿನಲ್ಲಿ ಒಬ್ಬರೇ ಮತ್ತೆ ಬಂದು, ನನ್ನನ್ನು ಹಿಂದೆ ಕೂರಿಸಿಕೊಂಡು ಧಾರವಾಡಕ್ಕೆ ಹೋದರು. ಮುಂದೆ ಎಂಟು ತಿಂಗಳು ಹಿಡಿಯಿತು. ಬಾಕಿ ಸಮೇತ ಬಂತು.

ಬೈಕ್ ಕ್ಲಬ್ಬುಗಳಿಗೂ ಸೈನಿಕರ ನೆನಪಿಗೂ ನಂಟು ನಮ್ಮಲ್ಲಿ ಹೊಸದು ಅನಿಸಬಹುದು. ಅಮೆರಿಕದಲ್ಲಿ ಇದು ಹಳೆಯದು. ಅಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು 1988ರಲ್ಲಿ 'ರೋಲಿಂಗ್ ಥಂಡರ್' ಅಂತ ರಾಜಧಾನಿ ವಾಷಿಂಗ್ಟನ್ನಿಗೆ ಬೈಕ್ ಮೆರವಣಿಗೆ ಶುರು ಮಾಡಿದರು. ಅದು ಬರೀ ಶ್ರದ್ಧಾಂಜಲಿ ಆಗಿರಲಿಲ್ಲ. ಸೆರೆಸಿಕ್ಕವರ, ಕಾಣೆಯಾದವರ ಲೆಕ್ಕ ಕೊಡಿ ಅಂತ ಸರ್ಕಾರವನ್ನು ಕೇಳಲು ಹೋಗುತ್ತಿದ್ದರು. 2005ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ 'ಪೇಟ್ರಿಯಟ್ ಗಾರ್ಡ್ ರೈಡರ್ಸ್' ಹುಟ್ಟಿತು. ಸೈನಿಕರ ಅಂತ್ಯಕ್ರಿಯೆಗೆ ಬಂದು ಅಸಹ್ಯ ಘೋಷಣೆ ಕೂಗುತ್ತಿದ್ದ ಒಂದು ಗುಂಪು ಮನೆಯವರ ಕಣ್ಣಿಗೆ ಬೀಳದಂತೆ ಇವರು ಧ್ವಜ ಹಿಡಿದು ಗೋಡೆಯಂತೆ ನಿಲ್ಲುತ್ತಿದ್ದರು. ಅವರ ನಿಯಮದಲ್ಲಿ ನನಗೆ ಹಿಡಿಸಿದ್ದು ಎರಡು. ಮನೆಯವರು ಕರೆದರೆ ಮಾತ್ರ ಹೋಗುತ್ತಾರೆ. ಯುದ್ಧದಲ್ಲಿ ಸತ್ತವರಿಗೆ ಮಾತ್ರವಲ್ಲ, ಹಾಸಿಗೆಯ ಮೇಲೆ ಸತ್ತ ಮಾಜಿ ಸೈನಿಕನ ಮಣ್ಣಿಗೂ ಹೋಗುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಹನುಮಪ್ಪನ ಗುಡಿ ಮುಂದೆ ನೋಡಿ. ಎಷ್ಟು ಊರುಗಳಲ್ಲಿ ವೀರಗಲ್ಲು ನಿಂತಿಲ್ಲ? ರಾಜನಿಗಾಗಿ ಸತ್ತವನಿಗೂ ಕಲ್ಲು, ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವನಿಗೂ ಕಲ್ಲು. ಕೆಳಗೆ ಅವನ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅವನು. ಕಲ್ಲಿನಲ್ಲಿ ಇರುವುದು ಸತ್ತವನು. ಈಗಿನ ಸ್ಮಾರಕಗಳ ಫಲಕ ಓದಿ ನೋಡಿ: ಉದ್ಘಾಟಿಸಿದವರು, ಅಧ್ಯಕ್ಷತೆ, ಘನ ಉಪಸ್ಥಿತಿ. ಸೈನಿಕನ ಹೆಸರು ಹುಡುಕಬೇಕು.

ಕ್ಲಬ್ಬಿನ ಅಣ್ಣಂದಿರೇ, ಅಕ್ಕಂದಿರೇ, ಖಂಡಿತ ಬನ್ನಿ. ಬರುವ ಮೊದಲು ಮನೆಯವರಿಗೆ ಒಂದು ಫೋನ್ ಮಾಡಿ. ಕೆಲವು ತಾಯಂದಿರಿಗೆ ಆ ದಿನ ಯಾರೂ ಬೇಡವಾಗಿರುತ್ತದೆ, ಅದೂ ಸರಿಯೇ. ಓಣಿಯೊಳಗೆ ಸೈಲೆನ್ಸರ್ ಸದ್ದು ಮಾಡಬೇಡಿ. ಡ್ರೋನ್ ಹಾರಿಸಬೇಡಿ, ಅತ್ತ ಮುಖವನ್ನು ವಿಡಿಯೊ ಮಾಡಬೇಡಿ. ಹಾರಕ್ಕೆ ಹಾಕುವ ದುಡ್ಡಿನಲ್ಲಿ ಹಳೇ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ ಕೊಡಿ. ಗೆದ್ದಲು ತಿಂದ ಆಲ್ಬಮ್ಮುಗಳು ಎಷ್ಟು ಮನೆಗಳಲ್ಲಿವೆ ಗೊತ್ತೇ? ನಿಮ್ಮಲ್ಲಿ ಮಾಜಿ ಸೈನಿಕರು ಇದ್ದರೆ ಅವರನ್ನು ಮುಂದೆ ಬಿಡಿ. ಕಾಗದ ನೋಡುವ ಕಣ್ಣು ಅವರಿಗೆ ಇದೆ.

ಊರಿನವರ ಪಾಲೂ ಇದೆ. ಸೈನ್ಯಕ್ಕೆ ಹೋದವರೆಲ್ಲರ ಹೆಸರು, ರೆಜಿಮೆಂಟು, ಸೇರಿದ ವರ್ಷ, ತೀರಿಕೊಂಡ ವರ್ಷ ಬರೆದ ಒಂದು ದಪ್ಪ ಪುಸ್ತಕ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ದೊಡ್ಡ ಅನುದಾನ ಬೇಡ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಇದು ಇನ್ನೂ ಜರೂರು. ನಾಲ್ಕು ವರ್ಷ ಮುಗಿಸಿ ವಾಪಸ್ ಬರುವ ಅಗ್ನಿವೀರರಿಗೆ ಪೆನ್ಷನ್ ಇಲ್ಲ, ಅಂದರೆ ಪೆನ್ಷನ್ ಕಾಗದವೂ ಇಲ್ಲ. ಐವತ್ತು ವರ್ಷದ ನಂತರ ಅವರು ಸೈನ್ಯದಲ್ಲಿ ಇದ್ದರು ಅಂತ ಊರಿನ ಪುಸ್ತಕ ಹೇಳದಿದ್ದರೆ ಯಾರು ಹೇಳಬೇಕು?

ನಮ್ಮೂರಲ್ಲಿ ಹೈಸ್ಕೂಲಿನ ಮಕ್ಕಳು ಮನೆಮನೆಗೆ ಹೋಗಿ ಪಟ್ಟಿ ಬರೆಯಲು ಶುರು ಮಾಡಿದ್ದಾರೆ. ಇತ್ತೀಚಿನವರ ಹೆಸರು ಬೇಗ ಸಿಕ್ಕವು. ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ಇಬ್ಬರ ಹತ್ತಿರ ಬಂದು ಪಟ್ಟಿ ನಿಂತಿದೆ. ಒಬ್ಬರ ಅಡ್ಡಹೆಸರು ಮಾತ್ರ ಹಿರಿಯರಿಗೆ ನೆನಪಿದೆ. ಇನ್ನೊಬ್ಬರು ಎತ್ತರ ಇದ್ದರು, ಬಸ್ರಾದಿಂದ ಒಂದು ಗಡಿಯಾರ ತಂದಿದ್ದರು ಅನ್ನುತ್ತಾರೆ. ಗಡಿಯಾರ ಯಾರ ಮನೆಯಲ್ಲಿದೆ ಅಂತ ಮಕ್ಕಳು ಹುಡುಕುತ್ತಿದ್ದಾರೆ.